ದಣಿವುಮಾಪಕ ಮತ್ತು ಆರು ಫ್ಯಾನುಗಳು

ಪುರಸಭೆಯ ಸಭಾಂಗಣದಲ್ಲಿ ಆಯವ್ಯಯ ಯಂತ್ರದ ಹಸಿರು ದೀಪ ಹೊತ್ತಿತು. ಮೆಣಸಿನಕಾಯಿ ಪೇಟೆಯ ಹೆಂಗಸರಿಗೆ ಆ ವರ್ಷ ಏನು ಬೇಕೆಂಬುದನ್ನು ಅದು ಓದಿ ಹೇಳಿತು: "ಪೇಟೆ ಚೌಕದಲ್ಲಿ ನೆರಳಿನ ಕಟ್ಟೆ. ಒರಗಿ ಕೂರಲು ಬೆಂಚು. ಆರು ಫ್ಯಾನು."

ಹಿಂದಿನ ಸಾಲಿನಲ್ಲಿದ್ದ ಫಕ್ಕೀರವ್ವ ಮಡಿಲಿನ ಮಗಳನ್ನು ಅವಚಿಕೊಂಡಳು. ಅವಳು ಕಾದಿದ್ದು ಕೂಸುಗಳನ್ನು ಬಿಟ್ಟುಹೋಗಲು ಒಂದು ಜಾಗಕ್ಕೆ. ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಗೋದಾಮಿನಲ್ಲಿ ಎಂಟು ತಿಂಗಳ ಮಗು ಪಕ್ಕದಲ್ಲೇ ಮಲಗಬೇಕಿತ್ತು. ಘಾಟಿಗೆ ಅದರ ಉಸಿರು ಸಿಳ್ಳೆ ಹಾಕತೊಡಗಿತ್ತು.

ಸಭೆಗಳಲ್ಲಿ ಮಾತಾಡುವವರು ಗಂಡಸರು. ಹೆಂಗಸರ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದರಿಂದ ನೊಂದೇ ವಿಜ್ಞಾನಿ ಡಾ. ಇಂದುಮತಿ ದಣಿವುಮಾಪಕವನ್ನು ರೂಪಿಸಿದ್ದರು. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಆ ಪಟ್ಟಿ ನಾಡಿ, ಬೆವರು, ನಡಿಗೆಗಳನ್ನು ಗ್ರಹಿಸಿ ಯಾವ ಹೆಂಗಸು ಎಲ್ಲಿ, ಎಷ್ಟು ದಣಿದಳೆಂದು ಯಂತ್ರಕ್ಕೆ ತಿಳಿಸುತ್ತಿತ್ತು. ಯಂತ್ರ ಅದನ್ನು ನಂಬಿ ಮಹಿಳಾ ನಿಧಿಯನ್ನು ಹಂಚುತ್ತಿತ್ತು.

ಸಭೆ ಮುಗಿದದ್ದೇ ಫಕ್ಕೀರವ್ವ ಇಂದುಮತಿಯವರನ್ನು ತಡೆದಳು. "ಅಕ್ಕೋರ, ನಮಗ ಕುಂದ್ರಾಕ ಕಟ್ಟಿ ಯಾರು ಕೇಳಿದ್ರು? ನಿಮ್ಮ ಯಂತ್ರದ ಕಣ್ಣಾಗ ಖಾರ ಬಿದ್ದೈತೇನು?"

"ನೀವೆಲ್ಲ ದಿನಕ್ಕೆ ನಾಲ್ಕು ತಾಸು ಚಹದಂಗಡಿ ಮುಂದೆ ಬಿಸಿಲಲ್ಲಿ ಕೂತಿರ್ತೀರಂತ ಪಟ್ಟಿ ಹೇಳ್ತಿದೆಯಲ್ಲಮ್ಮ."

"ನಾನು? ಚಾದಂಗಡ್ಯಾಗ?" ಫಕ್ಕೀರವ್ವ ನಕ್ಕೇಬಿಟ್ಟಳು.

ಇಂದುಮತಿ ಅವಳ ಬರಿಗೈ ನೋಡಿದರು. "ನಿಮ್ಮ ಪಟ್ಟಿ ಎಲ್ಲಿ?"

"ಅದನ್ನ ಕಟ್ಟಿಕೊಂಡು ತೊಟ್ಟು ಬಿಡಿಸಾಕ ಆಗ್ತೈತೇನ್ರಿ? ಕೆಳಗ ಖಾರ ಹೊಕ್ಕು ಬೊಬ್ಬಿ ಏಳ್ತಾವ. ನಮ್ಮ ಮನಿಯವರಿಗೆ ಕೊಟ್ಟೀನಿ. ಟೈಮ್ ತೋರಸ್ತೈತಂತ ಕಟ್ಟಿಕೊಂಡು ಮೆರಿತಾರ. ಎಲ್ಲಾರ ಮನ್ಯಾಗೂ ಹಂಗ."

"ತಪ್ಪು ನನ್ನದು. ನಿಮ್ಮ ಕೈ ಇಡೀ ದಿನ ಯಾವುದರಲ್ಲಿರುತ್ತೆ ಅಂತ ಮೊದಲು ಕೇಳಬೇಕಿತ್ತು. ಇನ್ನು ಒಂದು ವರ್ಷ ಈ ತೀರ್ಮಾನ ಬದಲಿಸೋಕಾಗಲ್ಲ."

"ವರ್ಷ ಅಂದ್ರ ಈ ಕೂಸು ತಡೀತೈತೇನ್ರಿ?"

ಇಂದುಮತಿ ಮಗುವಿನ ಎದೆಯ ಸದ್ದನ್ನು ಕೇಳಿಸಿಕೊಂಡರು. ಚೀಲದಿಂದ ನಿಯಮದ ಹಾಳೆ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇದನ್ನು ಓದಿ. ಮಹಿಳಾ ನಿಧಿಯಿಂದ ಕಟ್ಟಿದ ಜಾಗದಲ್ಲಿ ಗಂಡಸರು ಕೂರುವಂತಿಲ್ಲ."

ಹದಿನೈದು ದಿನದಲ್ಲಿ ಕಟ್ಟೆ ಎದ್ದಿತು. ಮೊದಲು ಬಂದು ಒರಗಿದವರು ಗಂಡಸರೇ. ಫಕ್ಕೀರವ್ವ ಹಳೆಯ ಸೀರೆಗಳ ಗಂಟು ಹೊತ್ತು ಬಂದಳು. ಹಿಂದೆ ಕೂಸುಗಳನ್ನೆತ್ತಿಕೊಂಡ ಮೂವತ್ತು ತಾಯಂದಿರು.

"ಏಳ್ರಿ."

"ಯಾಕ ಏಳಬೇಕು?" ಗಂಡ ಮೈಲಾರಪ್ಪ ಮಣಿಕಟ್ಟಿನ ಪಟ್ಟಿ ತೋರಿಸಿದ. "ನಾವು ನಾಲ್ಕ್ನಾಲ್ಕ ತಾಸು ಬಿಸಲಾಗ ಕುಂತಿದ್ದಕ್ಕ ಬಂದೈತಿದು!"

"ಹೌದ್ರಿ, ಭಾಳ ದುಡದೀರಿ. ಆದ್ರ ಗಂಡಸರು ಕುಂದ್ರಬಾರದಂತ ಕಾಯ್ದೆ ಐತಿ." ತೊಲೆಗೆ ಸೀರೆಯ ಜೋಲಿ ಕಟ್ಟಿ ಮಗಳನ್ನು ಮಲಗಿಸಿದಳು. ಗೋದಾಮಿನ ಗಂಟೆ ಹೊಡೆಯಿತು. "ನಿಂತು ತೂಗಬಾರದಂತ ಎಲ್ಲೂ ಬರದಿಲ್ಲ."

ಮೈಲಾರಪ್ಪ ತಡವರಿಸುವಷ್ಟರಲ್ಲಿ ಅವಳು ಹೊರಟಾಗಿತ್ತು. ಮಗು ಅತ್ತಿತು. ಪಟ್ಟಿ ಕಟ್ಟಿದ ಕೈಯಲ್ಲೇ ಅವನು ಜೋಲಿಯ ಹಗ್ಗ ಹಿಡಿದ.

ಆ ಸಂಜೆ ಆಯವ್ಯಯ ಯಂತ್ರದಲ್ಲಿ ಫಕ್ಕೀರವ್ವನ ಹೆಸರಿನ ಮುಂದೆ ಮೊದಲ ಸಲ ಕೆಂಪು ದೀಪ ಹೊತ್ತಿತು: "ಈ ಹೆಂಗಸು ಬಹಳ ದಣಿದಿದ್ದಾಳೆ. ತಕ್ಷಣ ನೆರವು ಬೇಕು."