ತಗಡಿನ ಮೂರನೆಯ ಸಾಲು

ಅವರು ನನ್ನೊಡನೆ ಆಡಿದ ಮೊದಲ ಮಾತೇ ತಪ್ಪು.

"ಮೇಡಂ, ಈ ಹಸಿರು ಸ್ವೆಟರ್ ನಿಮಗೆ ತುಂಬಾ ಒಪ್ಪುತ್ತೆ."

ನಾನು ತೊಟ್ಟಿದ್ದದ್ದು ಕಂದು ಬಣ್ಣದ್ದು. ಹೊಸದಾಗಿ ಬಂದ ಪೇಂಟರ್, ಬಂದ ದಿನವೇ ನನ್ನನ್ನು ಗೇಲಿ ಮಾಡುತ್ತಿದ್ದಾರೆ ಎಂದುಕೊಂಡು ಉರಿದುಬಿದ್ದೆ. ಮೂರು ದಿನ ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕನೆಯ ದಿನ ನೋಡಿದರೆ, ಲೇಬಲ್ ಕಿತ್ತುಹೋದ ಎರಡು ಡಬ್ಬಿ ಮುಂದಿಟ್ಟುಕೊಂಡು ನಿಂತಿದ್ದಾರೆ. ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕಂದುಗೆಂಪು. ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡುತ್ತಾರೆ, ಯಾವುದಕ್ಕೂ ಕೈ ಹಾಕುತ್ತಿಲ್ಲ. ನನಗೆ ಆಗ ಅರ್ಥವಾಯಿತು.

"ಎಡಗಡೇದು ಹಸಿರು," ಎಂದೆ ಮೆಲ್ಲಗೆ.

ಅವರ ಕಿವಿ ಕೆಂಪಾಯಿತು. "ಯಾರಿಗೂ ಹೇಳ್ಬೇಡಿ ಮೇಡಂ. ಹುಟ್ಟಿದಾಗಿನಿಂದ ಹೀಗೇ."

"ಹೇಳಲ್ಲ. ಆದ್ರೆ ಇನ್ನೊಂದ್ಸಲ ನನ್ನ ಸ್ವೆಟರ್ ಹೊಗಳೋ ಮುಂಚೆ ನನ್ನನ್ನೇ ಒಂದು ಮಾತು ಕೇಳಿ."

ಅವರು ನಕ್ಕರು. ನಾನು ಕೆಟ್ಟೆ.

ನಮ್ಮದು ಹಳೆಯ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಶೆಡ್ಡು. ಅಂಥ ಕಾರುಗಳ ಬಾನೆಟ್ ಕೆಳಗೆ ಅಂಗೈಯಗಲದ ಒಂದು ತಗಡು ಇರುತ್ತದೆ, ಕಾರ್ಖಾನೆಯವರೇ ರಿವೆಟ್ ಹೊಡೆದು ಕೂರಿಸಿದ್ದು. ಮೊದಲ ಸಾಲಿನಲ್ಲಿ ಕಾರು ಯಾವ ವರ್ಷ, ಯಾವ ಕಾರ್ಖಾನೆಯಲ್ಲಿ ಹುಟ್ಟಿತು ಎಂದು. ಎರಡನೆಯದರಲ್ಲಿ ಅದರ ಮೈಕಟ್ಟು. ಮೂರನೆಯದು ಬಣ್ಣ, ನಾಲ್ಕನೆಯದು ಸೀಟಿನ ಬಟ್ಟೆ. ಎಲ್ಲವೂ ಬರೀ ಅಂಕಿ, ಅಕ್ಷರ. ಅದನ್ನು ಬಿಡಿಸಿ ಹೇಳುವುದು ನನ್ನ ಕೆಲಸ. ಅದಕ್ಕೇ ಯಜಮಾನರು ನನಗೆ 'ತಗಡು ಜ್ಯೋತಿಷಿ' ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅತ್ತಿಗೆಯದು ಬೇರೆ ರಾಗ: "ಕಂಡೋರ ಕಾರಿನ ಜಾತಕ ಎಲ್ಲಾ ಓದ್ತೀಯಲ್ಲೇ, ನಿನ್ನದನ್ನ ಯಾವಾಗ ಬಿಚ್ಚಿ ನೋಡ್ತೀಯ?"

ಮೂರನೆಯ ಸಾಲನ್ನು ನಾನು ಓದಿದರೆ ಆ ಪೇಂಟರ್ ಬಣ್ಣ ಬೆರೆಸುತ್ತಿದ್ದರು. ಕಣ್ಣಳತೆಯಿಂದಲ್ಲ, ತಕ್ಕಡಿಯಲ್ಲಿಟ್ಟು ತೂಗಿ, ಹನಿ ಹನಿ ಎಣಿಸಿ. ಕೈ ಮಾತ್ರ ಚಿನ್ನ. ಬಣ್ಣ ಒಣಗಿದ ಮೇಲೆ ನನ್ನನ್ನು ಕರೆದು ಕಿವಿಯ ಹತ್ತಿರ ಕೇಳುತ್ತಿದ್ದರು.

"ಹೇಗಿದೆ ಮೇಡಂ?"

"ಚೆನ್ನಾಗಿದೆ."

"ಹಾಗಲ್ಲ. ಯಾವ ಥರ ಚೆನ್ನಾಗಿದೆ?"

"ಬೇಸಿಗೇಲಿ ಮರದ ಕೆಳಗೆ ಹೋಗಿ ಕೂತ್ರೆ ಮೈಗೆ ತಂಪಾಗುತ್ತಲ್ಲ, ಆ ಥರ."

ಆಗ ಅವರು ಕಾರನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಬಣ್ಣ ಅಲ್ಲೇ ಎಲ್ಲೋ ಬರೆದಿದೆಯೇನೋ ಎಂಬಂತೆ ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡುತ್ತಿದ್ದರು. ನಾಲ್ಕು ವರ್ಷ ಆ ನೋಟವೊಂದೇ ನನ್ನ ಸಂಬಳವಾಗಿತ್ತು. ಮೂವತ್ತಾರರ ಹೆಂಗಸು ಹೀಗೆ ಹೇಳಿಕೊಳ್ಳಬಾರದು ಎಂದು ಗೊತ್ತು. ಹೇಳಿಕೊಳ್ಳುತ್ತಿದ್ದೇನೆ.

ಒಂದು ದಿನ ಕಾರುಗಳ ಮ್ಯೂಸಿಯಂ ನಡೆಸುವ ಹೆಂಗಸೊಬ್ಬರು ತುಕ್ಕು ಹಿಡಿದ ಕಾರೊಂದನ್ನು ತಂದು ನಿಲ್ಲಿಸಿದರು. "ಎರಡು ವಾರ ಟೈಮ್ ಕೊಡ್ತೀನಿ. ಕೆಲಸ ಹಿಡಿಸಿದ್ರೆ ನಿಮ್ಮ ಪೇಂಟರ್‌ನ ನಮ್ಮಲ್ಲಿಗೇ ಕರ್ಕೊಂಡು ಹೋಗ್ತೀನಿ. ಐವತ್ತು ಕಾರು ಕಾಯ್ತಾ ಇವೆ."

"ಧಾರಾಳವಾಗಿ ಕರ್ಕೊಂಡು ಹೋಗಿ," ಎಂದರು ಯಜಮಾನರು. "ನಾನು ಮುಂದಿನ ವರ್ಷ ಶೆಡ್ ಮುಚ್ತೀನಿ."

ಪೇಂಟರ್ ಮುಖದಲ್ಲಿ ಎಂದೂ ಕಾಣದ ಆಸೆ ಕಂಡಿತು. ನಾನು ತಗಡು ಹುಡುಕುವ ನೆಪದಲ್ಲಿ ಬಾನೆಟ್ ಎತ್ತಿದೆ.

ಆ ಕಾರಿನ ತಗಡು ಸವೆದುಹೋಗಿತ್ತು. ಸೀಮೆಸುಣ್ಣದ ಪುಡಿ ಉಜ್ಜಿ, ಭೂತಗನ್ನಡಿ ಹಿಡಿದು ಬಗ್ಗಿದೆ. ಅವರು ಪಕ್ಕದಲ್ಲೇ ಬಗ್ಗಿ ಟಾರ್ಚ್ ಹಿಡಿದರು. ಅವರ ತೋಳು ನನ್ನ ತೋಳಿಗೆ ತಗುಲುತ್ತಿತ್ತು. ಮೂರನೆಯ ಸಾಲಿನ ಕೊನೆಯ ಅಂಕಿ ಆರೋ ಎಂಟೋ?

"ಆರು," ಎಂದೆ. ಆರು ಎಂದರೆ ಹಸಿರು.

ಬಣ್ಣ ಹೊಡೆಯುವ ಮೊದಲು ಹಿಂದಿನ ಸೀಟು ಎತ್ತಿ ನೋಡುವುದು ನಮ್ಮ ಪದ್ಧತಿ. ಬಿಸಿಲು ಬೀಳದ ಆ ಜಾಗದಲ್ಲಿ ಕಾರ್ಖಾನೆಯ ಬಣ್ಣ ಉಳಿದಿರುತ್ತದೆ. ಅವರು ಸೀಟು ಎತ್ತಿ ಹಿಡಿದು, "ಸರಿ ಇದೆ ತಾನೇ?" ಎಂದರು. ನಾನು ಅವರ ಮುಖ ನೋಡುತ್ತಾ "ಸರಿ ಇದೆ" ಎಂದುಬಿಟ್ಟೆ. ಇನ್ನೆಷ್ಟು ದಿನ ನೋಡಲು ಸಿಗುತ್ತದೆ ಎಂಬ ಲೆಕ್ಕದಲ್ಲಿದ್ದೆ, ಸೀಟಿನ ಕೆಳಗೆ ಬಗ್ಗಲೇ ಇಲ್ಲ.

ಹತ್ತು ದಿನ ಕಳೆದವು. ಕಾರು ಹಸಿರಾಗಿ ಹೊಳೆಯುತ್ತಾ ನಿಂತಿತು. ಸೀಟಿನ ಬಟ್ಟೆಯ ಅಳತೆಗೆಂದು ಹಿಂದಿನ ಸೀಟು ಎತ್ತಿದೆ. ಕೆಳಗೆ ಕಂದುಗೆಂಪು. ತಗಡಿನ ಆ ಅಂಕಿ ಆರಲ್ಲ, ಎಂಟು.

ಮಧ್ಯಾಹ್ನದ ಊಟದ ಹೊತ್ತು ಪೂರ್ತಿ ಆ ಕಾರಿನೊಳಗೇ ಕೂತಿದ್ದೆ. ಸುಮ್ಮನಿದ್ದರೆ ಸಾಕಿತ್ತು. ಆ ಹೆಂಗಸು ಬಂದು ಸೀಟು ಎತ್ತಿ ನೋಡಿ, ಮೂಗು ಮುರಿದು ಹೋಗುತ್ತಾರೆ. ಇವರು ಇಲ್ಲೇ ಉಳಿಯುತ್ತಾರೆ. ತಪ್ಪು ನನ್ನದೆಂದು ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಇವರಿಗೆ ಕಾಣುವುದೇ ಇಲ್ಲ. ಆ ಕೊನೆಯ ಮಾತು ಮನಸ್ಸಿಗೆ ಬಂದದ್ದೇ ನನ್ನ ಮೇಲೆ ನನಗೇ ಅಸಹ್ಯವಾಯಿತು. ಇಳಿದು ಹೋಗಿ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

"ಎಷ್ಟು ದಿನ ಇದೆ?"

"ನಾಲ್ಕು."

"ಹಾಗಿದ್ರೆ ಕೆರೆಯೋದಕ್ಕೆ ನೀವೂ ಬನ್ನಿ."

ಎರಡು ದಿನ ಇಬ್ಬರೂ ಮರಳು ಕಾಗದ ಹಿಡಿದು ಉಜ್ಜಿದೆವು. ಬಾಗಿಲಿನ ಆಚೆಗೊಬ್ಬರು, ಈಚೆಗೊಬ್ಬರು. ನನ್ನ ಮೂಗಿನ ಮೇಲೆ ಕೂತ ಧೂಳನ್ನು ಅವರು ಮಣಿಕಟ್ಟಿನಿಂದ ಒರೆಸಿ, "ಇದು ಯಾವ ಬಣ್ಣ?" ಎಂದು ಕೇಳಿದರು. "ನಾಚಿಕೆಗೆಟ್ಟ ಬಣ್ಣ," ಎಂದೆ. ಅವರು ನಕ್ಕ ನಗೆ ಶೆಡ್ಡಿನ ತುದಿಯವರೆಗೂ ಕೇಳಿಸಿತು. ಮಿಕ್ಕ ಎರಡು ದಿನ ನಾನು ತೂಕ ಓದಿ ಹೇಳಿದೆ, ಅವರು ಕಂದುಗೆಂಪು ಬೆರೆಸಿ ಹೊಡೆದರು. ಅವರನ್ನು ಕಳಿಸುವುದಕ್ಕಾಗಿ ಹಗಲಿಡೀ ದುಡಿದ ಆ ನಾಲ್ಕು ದಿನಗಳಷ್ಟು ಸುಖ ನಾನು ಆಮೇಲೆ ಕಂಡಿಲ್ಲ.

ಮ್ಯೂಸಿಯಂ ಹೆಂಗಸು ಬಂದವರೇ ಮೊದಲು ಹಿಂದಿನ ಸೀಟು ಎತ್ತಿದರು. ಬಗ್ಗಿ ನೋಡಿ, ಹೊರಗಿನ ಬಣ್ಣ ನೋಡಿ, "ಯಾವತ್ತು ಬರ್ತೀರಿ?" ಎಂದು ಅವರನ್ನು ಕೇಳಿದರು.

ಆ ವಾರ ನಾನೊಂದು ನೋಟ್‌ಬುಕ್ ತುಂಬಿಸಿದೆ. ನನಗೆ ಗೊತ್ತಿದ್ದ ಪ್ರತಿ ಬಣ್ಣದ ಸಂಖ್ಯೆ, ಬೆರಕೆಯ ತೂಕ, ಪಕ್ಕದಲ್ಲಿ ಅದು ಯಾವ ಥರ ಚೆನ್ನಾಗಿದೆ ಎಂದು. ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಅವರ ಕೈಗಿಟ್ಟೆ. ಒಂದೆರಡು ಹಾಳೆ ತಿರುವಿದರು. ಕಣ್ಣು ತುಂಬಿಕೊಂಡವು.

"ನೀವೂ ಬಂದ್ಬಿಡಿ," ಎಂದರು ತಟ್ಟನೆ. "ನೀವಿಲ್ದೆ ನಾನು ಹೇಗೆ ಕೆಲಸ ಮಾಡ್ಲಿ?"

ಬಾಯಿಗೆ ಬಂದ 'ಹೂಂ' ಅನ್ನು ನುಂಗಿಕೊಂಡೆ. ಕೇಳಬಾರದಿತ್ತು, ಆದರೆ ಕೇಳದೆ ಅವರೊಡನೆ ಬಸ್ಸು ಹತ್ತುವುದು ನನ್ನಿಂದ ಆಗುತ್ತಿರಲಿಲ್ಲ.

"ನಿಮಗೆ ನನ್ನ ಕಣ್ಣು ಬೇಕಾ, ನಾನು ಬೇಕಾ?"

ಅವರು ನನ್ನ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡಿದರು. ಸುಳ್ಳು ಹೇಳಲು ಬರುವ ಮನುಷ್ಯ ಅಲ್ಲ.

"ಎರಡೂ ಬೇರೆ ಬೇರೆನಾ?" ಎಂದರು.

"ಬೇರೆ ಬೇರೆ."

"ನನಗೆ ಗೊತ್ತಾಗ್ತಿಲ್ಲ," ಎಂದರು ಕೊನೆಗೆ. "ನಿಜವಾಗ್ಲೂ ಗೊತ್ತಾಗ್ತಿಲ್ಲ. ಬೇಜಾರು ಮಾಡ್ಕೋಬೇಡಿ."

"ನನಗೇನು ಬೇಕು ಅಂತ ನನಗೆ ನಾಲ್ಕು ವರ್ಷದಿಂದ ಗೊತ್ತು," ಎಂದೆ. "ನೀವು ಹೊರಡಿ. ಚೆನ್ನಾಗಿರಿ."

ಹಾಗೆ ಹೇಳಿ ತಿರುಗಿ ನಡೆದುಬಿಟ್ಟಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಕಾಲು ಏಳಲಿಲ್ಲ. ಬಸ್ಸು ನಲವತ್ತು ನಿಮಿಷ ತಡವಾಗಿ ಬಂತು. ಅಷ್ಟು ಹೊತ್ತೂ ನಾವಿಬ್ಬರೂ ಅಕ್ಕಪಕ್ಕ ನಿಂತು, ಚಳಿಗಾಲದಲ್ಲಿ ಪ್ರೈಮರ್ ಒಣಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮಾತಾಡಿದೆವು.