ಬೆಳಿಗ್ಗೆ ಆರು ಇಪ್ಪತ್ತೆರಡು

2025ರ ಫೆಬ್ರುವರಿ 11, ಬೆಳಿಗ್ಗೆ 10.15ಕ್ಕೆ ದಾನೇಶ್ವರಿ ಎಂಬ ಮಹಿಳೆ ದಾಂಡೇಲಿ ಠಾಣೆಗೆ ಬಂದರು. ಗಂಡನ ನೌಕರಿಯಿಂದಾಗಿ ಗುವಾಹಟಿಯಲ್ಲಿದ್ದವರು. ಹಿಂದಿನ ಸಂಜೆಯಷ್ಟೇ ಊರು ತಲುಪಿದ್ದರು.

“ನಮ್ಮವ್ವ ಗುರುಬಸವ್ವ ಒಂಬತ್ತನೇ ತಾರೀಖು ತೀರಿಕೊಂಡ್ಳರೀ. ತಮ್ಮ ಶರಣಬಸವ ಹನ್ನೊಂದೂವರಿಗೆ ಫೋನ್ ಮಾಡಿದಾ. ನಾ ಬರೂತನಕ ಇಡು ಅಂದೆ. ಅವತ್ತ ನಾಕ ಗಂಟೇಕ ಮಣ್ಣು ಮಾಡಿಬಿಟ್ಟಾನ. ನಂಗ ಅನುಮಾನ ಐತಿ.”

ಇನ್ಸ್‌ಪೆಕ್ಟರ್ ಅಡಿವೆಯ್ಯ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ ಅವರು ಕಾನ್‌ಸ್ಟೆಬಲ್ ಸಹನಾ ಜೊತೆ ಕೋಗಿಲಬನದಲ್ಲಿದ್ದ ಶರಣಬಸವನ ಮನೆಗೆ ಹೋದರು. ಅವನು ಕಾರ್ಖಾನೆ ಕೆಲಸಗಾರ. ಹೆಂಡತಿ ತವರಿಗೆ ಹೋಗಿ ಎರಡು ವರ್ಷ. ಮನೆಯಲ್ಲಿ ತಾಯಿ ಮಗ ಇಬ್ಬರೇ ಇದ್ದರು.

“ಎಷ್ಟೊತ್ತಿಗೆ ತೀರಿದ್ರು?” ಅಡಿವೆಯ್ಯ ಕೇಳಿದರು.

“ಹನ್ನೊಂದಕ್ಕರೀ. ಗಂಜಿ ಕುಡದ್ಲು, ಎದಿ ಹಿಡಕೊಂಡ್ಲು.”

“ಮೈ ತೊಳೆದವರು ಯಾರು?”

“ನಾನ.”

ಪಕ್ಕದ ಮನೆಯ ಕೆಂಚವ್ವ ಬೇರೆ ಮಾತು ಹೇಳಿದಳು. “ಹೆಂಗಸರು ನಾವಿದ್ವಿ. ಒಳಗ ಬಿಡಲಿಲ್ರಿ. ಹೊರಗ ತರೂವಾಗ ಆಕಿ ಕೈ, ಕುತಗಿ ಮುಚ್ಚೂಹಂಗ ಶಾಲು ಸುತ್ತಿದ್ದಾ.”

ಪಂಚನಾಮೆ ಮಾಡಿ ಶರಣಬಸವನ ಫೋನ್ ವಶಕ್ಕೆ ಪಡೆದರು. ಸಂಜೆ ಸಹನಾ ಅದರ ಇಂಟರ್ನೆಟ್ ಹುಡುಕಾಟದ ಪಟ್ಟಿ ತೆರೆದಳು. ಒಂಬತ್ತನೇ ತಾರೀಖು, ಬೆಳಿಗ್ಗೆ 6.22: ಗುವಾಹಟಿಯಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ತಾಸು. ಉತ್ತರವೂ ಅಲ್ಲೇ ಇತ್ತು. ದೂರ ಸುಮಾರು ಎರಡು ಸಾವಿರದ ತೊಂಬತ್ತು ಕಿಲೋಮೀಟರ್. ನೇರ ವಿಮಾನವಿಲ್ಲ, ಬೆಂಗಳೂರಿನಲ್ಲಿ ಬದಲಿಸಿದರೆ ಏಳು ತಾಸು.

“ಸರ್, ಹನ್ನೊಂದಕ್ಕ ಸತ್ತಾಕಿ ಸಲುವಾಗಿ ಆರಕ್ಕ ಯಾಕ ವಿಮಾನ ನೋಡಿದಾ?”

ಅಡಿವೆಯ್ಯ ಶವ ಹೊರತೆಗೆಯಲು ಅನುಮತಿ ಕೋರಿ ಪತ್ರ ಬರೆದರು.

12ರಂದು ತಹಶೀಲ್ದಾರರ ಸಮ್ಮುಖದಲ್ಲಿ ರುದ್ರಭೂಮಿಯಲ್ಲಿ ಮಣ್ಣು ತೆಗೆಯಲಾಯಿತು. ವೈದ್ಯರು ಶಾಲು ಬಿಚ್ಚಿದರು. ಎರಡೂ ಮಣಿಕಟ್ಟಿನ ಸುತ್ತ ಕಟ್ಟಿದ ಗುರುತು, ಕೆಲವು ಹಳೆಯವು. ಕುತ್ತಿಗೆಯಲ್ಲಿ ಒಂದು, ಹೊಸದು. ದೂರ ನಿಂತಿದ್ದ ದಾನೇಶ್ವರಿ ಅಳಲಿಲ್ಲ.

ಸಂಜೆ ನಾಲ್ಕಕ್ಕೆ ಶರಣಬಸವನನ್ನು ಠಾಣೆಗೆ ಕರೆತಂದರು.

“ಯಾಕ ಕಟ್ಟಿದ್ದಿ?” ಅಡಿವೆಯ್ಯ ಕೇಳಿದರು.

“ಆಕಿಗೆ ಮರವಿನ ರೋಗರೀ, ಏನೂ ನೆನಪಿರತಿರಲಿಲ್ಲ. ಎರಡು ಸಲ ಹೊಳಿಗೆ ಇಳಿದಿದ್ಲು. ಅಲ್ಲಿ ಮೊಸಳಿ ಅದಾವು. ನೈಟ್ ಪಾಳಿಗೆ ಹೋಗುವಾಗ ಹಳೇ ಸೀರಿಯಿಂದ ಮಂಚಕ್ಕ ಕಟ್ಟತಿದ್ದೆ. ಆವತ್ತ ಆರಕ್ಕ ಬಂದೆ. ಮಂಚದಿಂದ ಜಾರಿದ್ಲು, ಸೀರಿ ಕುತಗಿಗೆ ಸಿಕ್ಕಿತ್ತು.”

“ಆಗ ಫೋನ್ ಮಾಡಿದ್ರ ನಿಮ್ಮಕ್ಕ ಸಂಜಿಗೆ ಮುಟ್ಟತಿದ್ಲು.”

“ಮುಟ್ಟತಾಳಂತ ಗೊತ್ತಾತು. ಅದಕ್ಕ ಮಾಡಲಿಲ್ರಿ.”

5.10ಕ್ಕೆ ಬಂಧನ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ಮುಚ್ಚಿಟ್ಟದ್ದು. ಹೊರಗಿನ ಬೆಂಚಿನಲ್ಲಿದ್ದ ದಾನೇಶ್ವರಿ ತಮ್ಮನನ್ನು ಕಂಡು ಎದ್ದು ನಿಂತರು.

“ವಾರಾ ವಾರಾ ಕೇಳತಿದ್ನಲ್ಲೋ, ಅವ್ವ ಹೆಂಗದಾಳ ಅಂತ.”

“ಆರಾಮ ಅದಾಳ ಅಂತಿದ್ದೆ.”

“ಯಾಕ?”

“ಬ್ಯಾರೆ ಹೇಳಿದ್ರ ನೀ ಏನ್ ಮಾಡತಿದ್ದಿ, ಅಕ್ಕಾ?”

ದಾನೇಶ್ವರಿ ಮತ್ತೆ ಬೆಂಚಿನ ಮೇಲೆ ಕುಳಿತರು. ಸಹನಾ ಅವನನ್ನು ಒಳಗೆ ಕರೆದೊಯ್ದಳು.