ಸ್ನಾನಕ್ಕೆ ಮಾತ್ರ

ಮಾರ್ಚ್ 6, ಗುರುವಾರ, ಬೆಳಿಗ್ಗೆ 9.40. ಮೆಲ್ಬರ್ನ್‌ನ ಕ್ರಾನ್‌ಬರ್ನ್ ಠಾಣೆಗೆ ಬಂದ ಅಮೂಲ್ಯಾ ದೂರು ಹೇಳುವ ಮೊದಲು ಆಸ್ಪತ್ರೆಯ ಚೀಟಿ ಮುಂದಿಟ್ಟಳು. ಮಗ ಅದ್ವಿಕ್, ಆರು ವರ್ಷ. ಶಿವರಾತ್ರಿ ಕಳೆದು ವಾರದೊಳಗೆ ಎರಡೂ ಕಿಡ್ನಿ ನಿಂತಿದ್ದವು. ಡಯಾಲಿಸಿಸ್ ನಡೆಯುತ್ತಿತ್ತು. ದೂರು ಯಾರ ಮೇಲೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಇಲ್ಲಿ ಎಫ್‌ಐಆರ್ ಎಂಬ ಹೆಸರಿಲ್ಲ. ಮೊದಲ ಸಾಲು ಬರೆಯುವಾಗ ಕೈ ಭಾರವಾಗುವುದು ಮಾತ್ರ ಎಲ್ಲ ಠಾಣೆಯಲ್ಲೂ ಒಂದೇ. ಬರೆದುಕೊಂಡವಳು ಡಿಟೆಕ್ಟಿವ್ ಸಾರ್ಜೆಂಟ್ ಶರ್ವಾಣಿ, ಮೈಸೂರಿನವಳು.

"ಹೊರಗಡೆ ಏನು ತಿಂದ?"

"ಏನೂ ಇಲ್ಲ ಮೇಡಂ. ಹಸಿ ಹಾಲಿನ ರೋಗಾಣುವಿಂದ ಕಿಡ್ನಿ ಹೀಗಾಗತ್ತಂತೆ, ಅದು ಕುಡಿದ್ನಾ ಅಂತ ಡಾಕ್ಟರೂ ಕೇಳಿದ್ರು. ಇಲ್ಲ ಅಂದೆ."

"ಶಿವರಾತ್ರಿ ದಿನ?"

"ಕಮ್ಯೂನಿಟಿ ಹಾಲ್‌ನಲ್ಲಿ ಪೂಜೆ ಇತ್ತು. ಪಂಚಾಮೃತ ಮಾತ್ರ ತಗೊಂಡ. ಅದೇನು ತಿಂಡಿನಾ?"

ಶರ್ವಾಣಿಯ ಪೆನ್ನು ನಿಂತಿತು. "ಹಾಲು ಯಾರದ್ದು?"

"ಸಂಪತ್ ಅಂಕಲ್‌ದು. ಅವರದೇ ಹಸು. ಎಲ್ಲಾ ಪೂಜೆಗೂ ಅವರೇ ತಂದ್ಕೊಡೋದು."

10.35. ಊರಾಚೆ ಸಂಪತ್‌ನ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಪಂಚನಾಮೆಗೆ ಇಲ್ಲಿ ಪಂಚರು ಬೇಕಿಲ್ಲ. ಕಾನ್‌ಸ್ಟೆಬಲ್ ಲಿಯಾಮ್‌ನ ಎದೆಯ ಮೇಲಿನ ಕ್ಯಾಮೆರಾ ಸಾಕು. ಗೋಡೆಯ ಮೇಲೆ ಕಟ್ಟು ಹಾಕಿಸಿದ ವಿನಾಯಿತಿ ಪತ್ರ. ಕುಡಿಯಲು ಹಸಿ ಹಾಲು ಮಾರುವುದು ಇಲ್ಲಿ ಅಪರಾಧ; ಇದು ಮೈಗೆ ಹಚ್ಚಿಕೊಳ್ಳುವ ಸ್ನಾನದ ಹಾಲು, ಆಹಾರವಲ್ಲ. ಆದ್ದರಿಂದ ಸಾಗಿಸಲು ಫ್ರಿಜ್ ವ್ಯಾನ್ ಬೇಡ, ತಾಪಮಾನದ ದಾಖಲೆ ಬೇಡ. ಷರತ್ತು ಒಂದೇ: ಯಾರೂ ಕುಡಿಯದಂತೆ ಪ್ರತಿ ಕ್ಯಾನಿಗೂ ಕಹಿ ದ್ರವ ಬೆರೆಸಬೇಕು.

ಕಹಿಯ ಬಾಟಲಿಗಳು ಮೇಲಿನ ಹಲಗೆಯ ಮೇಲೆ ಧೂಳು ಹಿಡಿದಿದ್ದವು. ಒಂದರ ಮುಚ್ಚಳದ ಸೀಲ್ ಮಾತ್ರ ಒಡೆದಿತ್ತು.

ಬಿಳಿ ಬೋರ್ಡಿನ ಮೇಲಿದ್ದ ಕನ್ನಡವನ್ನು ಲಿಯಾಮ್ ತೋರಿಸಿದ. "ಏನಿದು?"

"ಇವತ್ತು ಕ್ಲೈಡ್ ನಾರ್ತ್‌ನಲ್ಲಿ ರುದ್ರಾಭಿಷೇಕ. ಇಪ್ಪತ್ತು ಲೀಟರ್."

ಪಕ್ಕದಲ್ಲೇ ಮನೆಯ ವಿಳಾಸ, ನಂಬರ್. ಶರ್ವಾಣಿ ಮಾಡಿದ ಫೋನ್ ರಿಂಗಾಗುತ್ತಲೇ ಇತ್ತು. ಮಂತ್ರ ನಡೆಯುವ ಮನೆಯಲ್ಲಿ ಯಾರು ಎತ್ತುತ್ತಾರೆ?

11.12. ಹೊರಗೆ ಮೂವತ್ತನಾಲ್ಕು ಡಿಗ್ರಿ. ಮನೆ ಮುಂದೆ ಬಿಸಿಲಿನಲ್ಲಿ ಸಂಪತ್‌ನ ವ್ಯಾನ್. ಒಳಗೆ ಅಭಿಷೇಕ ಮುಗಿದು ಮಕ್ಕಳು ಅಂಗೈ ಒಡ್ಡಿ ಸಾಲಾಗಿ ನಿಂತಿದ್ದರು.

"ಯಾರೂ ಕುಡೀಬೇಡಿ!" ಶರ್ವಾಣಿ ಕೂಗುತ್ತಾ ಒಳನುಗ್ಗಿದಳು.

"ಶೂ ಹಾಕ್ಕೊಂಡೇ ದೇವರ ಹತ್ರ ಬಂದ್ಯಲ್ಲಮ್ಮ!" ಅಜ್ಜಿಯೊಬ್ಬರು ಗದರಿದರು.

ಸಂಪತ್‌ನ ಕೈಯಲ್ಲಿ ಉದ್ಧರಣೆ ಇತ್ತು. ಸಾಲಿನ ಮೊದಲ ಇಬ್ಬರ ಅಂಗೈ ಆಗಲೇ ಒದ್ದೆ. ಒಬ್ಬಳು ತಲೆಗೆ ಕೈ ಒರೆಸಿಕೊಳ್ಳುತ್ತಿದ್ದಳು.

11.20ಕ್ಕೆ ಸಂಪತ್‌ನ ಬಂಧನ.

ಮಧ್ಯಾಹ್ನ 2.10, ವಿಚಾರಣೆ.

"ಕುಡೀತಾರೆ ಅಂತ ಗೊತ್ತಿತ್ತಾ?"

"ತೀರ್ಥ ಅಲ್ವೇನಮ್ಮ."

"ಕಹಿ ಯಾಕೆ ಹಾಕಲಿಲ್ಲ?"

"ಹೋದ ವರ್ಷದ ಶಿವರಾತ್ರೀಲಿ ಹಾಕಿದ್ದೆ. ಒಂದು ಮಗು ಬಾಯಿಗೆ ಇಟ್ಟಿದ್ದೇ ಥೂ ಅಂತ ಉಗುಳಿಬಿಡ್ತು, ದೇವರ ಮುಂದೇನೇ. ಸಂಪತ್‌ನ ಹಾಲು ಕೆಟ್ಟಿದೆ ಅಂದ್ರು, ಎಲ್ರೂ ಚೆಲ್ಲಿದ್ರು. ಆ ಅವಮಾನ ಇನ್ನೊಂದ್ಸಲ ಬೇಡ ಅನ್ನಿಸ್ತು."

"ಯಾರ ಮಗು?"

ಸಂಪತ್ ಮುಂದಿದ್ದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಅಮೂಲ್ಯಾ ಮಗ."

ಶರ್ವಾಣಿ ಹೇಳಿಕೆಯ ಕೆಳಗೆ ಸಮಯ ಬರೆದಳು: 2.26. ಬಾಗಿಲಾಚೆ ಲಿಯಾಮ್ ಸಾಲಿನ ಮೊದಲಿದ್ದ ಆ ಇಬ್ಬರು ಮಕ್ಕಳ ಹೆಸರನ್ನು ಅಕ್ಷರ ಅಕ್ಷರವಾಗಿ ಆಸ್ಪತ್ರೆಗೆ ಹೇಳುತ್ತಿದ್ದ.